ನೋಡಿಕೊಳ್ಳುವವನು

ಸುದ್ದಿ ಕೇಳಿದ ಕೂಡಲೇ ಅವನು ಮಾಡಿದ ಮೊದಲ ಕೆಲಸವೆಂದರೆ ಕಾಲಿನಿಂದಲೇ ಸ್ಟೂಲು ಎಳೆದುಕೊಂಡು ಕೂತದ್ದು. ನಿಂತುಕೊಂಡು ಕೇಳಿ ಮುಗಿಸುವ ಸುದ್ದಿಯಲ್ಲ ಅದು. ಪಾಲಿಶ್ ಮಾಡುವ ಮೋಟರು ಆರಿಸಿ, ಕೈಯಲ್ಲಿದ್ದ ಯಾರದೋ ಮೇಲ್ದವಡೆಯ ಕಟ್ಟುಹಲ್ಲಿನ ಸೆಟ್ಟನ್ನು ಬಟ್ಟೆಯ ಮೇಲಿಟ್ಟು, ಫೋನನ್ನು ಚೆನ್ನಾಗಿ ಕೇಳಿಸುವ ಕಿವಿಗೆ ಬದಲಾಯಿಸಿಕೊಂಡ. "ಅಯ್ಯೋ ಪಾಪ" ಅಂದ. ದನಿಯಲ್ಲಿ ದುಃಖ ಎಷ್ಟು ಬೇಕೋ ಅಷ್ಟೇ ಬಂತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹದಿನೆಂಟು ವರ್ಷದಿಂದ ತಯಾರಾಗಿ ಕೂತಿದ್ದ ದುಃಖ ಅದು. "ಯಾವ ಕಡೆ ಡಾಕ್ಟರೇ? ಎಡಗಡೆನಾ, ಬಲಗಡೆನಾ?"

"ಬಲಗಡೆ" ಅಂದರು ಹಲ್ಲಿನ ಡಾಕ್ಟರಮ್ಮ. "ಕೈ, ಕಾಲು ಎರಡೂ. ಮಾತೂ ಹೋಗಿದೆಯಂತೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿ ಸೆಟ್ಟು ನಿಲ್ತಾ ಇಲ್ಲ, ಅನ್ನ ಅಗಿಯೋಕೆ ಆಗಲ್ಲ ಅಂತ ಅವರ ಮನೆಯವರು ಫೋನ್ ಮಾಡಿದ್ರು. ಕರ್ಕೊಂಡು ಬರೋ ಹಾಗಿಲ್ಲ. ನೀವೇ ಒಂದ್ಸಲ ಮನೆಗೆ ಹೋಗಿ ಸರಿಮಾಡಿ ಕೊಡ್ತೀರಾ? ನಿಮಗೆ ಅವರು ಪರಿಚಯ ಅಂತೆ."

ಪರಿಚಯ. ಅವನಿಗೆ ನಗು ಬಂದು ನಾಲಿಗೆ ಕಚ್ಚಿಕೊಂಡ. ಲಕ್ವ ಹೊಡೆದ ಈ ಬೀಗದವನ ಪರಿಚಯ ಅವನಿಗಿದ್ದಷ್ಟು ಬೀಗದವನ ಹೆಂಡತಿಗೂ ಇರಲಾರದು. ಇದೇ ಬೀದಿಯಲ್ಲಿ, ಇದೇ ಮೆಟ್ಟಿಲ ಕೆಳಗೆ, ಒಂದು ಮೇಜು ಹಾಕಿಕೊಂಡು ಕೀಲಿಕೈ ಕೆತ್ತುತ್ತಿದ್ದವನು ಇವತ್ತು ಮೂರು ಅಂಗಡಿಯ ಯಜಮಾನ, ಬೀಗ, ತಿಜೋರಿ, ಬಾಗಿಲಿನ ಕಣ್ಣು, ಎಲ್ಲ. ಅದರ ಮೊದಲ ಅಂಗಡಿಯ ಮುಂಗಡಕ್ಕೆ ಎರಡು ಲಕ್ಷ ಕೊಟ್ಟವನು ಮೇಲಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಕಟ್ಟುವ ಹಲ್ಲಣ್ಣ, ಅಂದರೆ ಇವನೇ. ಆರು ತಿಂಗಳಿಗೆ ಅಂತ ಕೊಟ್ಟದ್ದು. ಮಗಳ ಓದಿಗೆ ಇಟ್ಟಿದ್ದ ದುಡ್ಡು ಅದು. ಮಗಳು ಈಗ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಾಳೆ, ಡಾಕ್ಟರಾಗಬೇಕು ಅಂದುಕೊಂಡಿದ್ದವಳು. ಅಪ್ಪನ ಜೊತೆ ಮಾತಾಡುವಾಗ ಅವಳು ಅವನ ಮುಖ ನೋಡುವುದಿಲ್ಲ, ಕುತ್ತಿಗೆಯ ಗುಂಡಿ ನೋಡುತ್ತಾಳೆ. ಬಲಗಡೆ, ಅಂದರು ಡಾಕ್ಟರಮ್ಮ. ನೋಟಿನ ಕಟ್ಟು ಇಸಕೊಂಡದ್ದು ಬಲಗೈಯಲ್ಲೇ. ಅವನಿಗೆ ಚೆನ್ನಾಗಿ ನೆನಪಿದೆ, ಎಡಗೈಯಲ್ಲಿ ಕೀಲಿಕೈ ಉಜ್ಜುವ ಅರ ಇತ್ತು. ಹದಿನೆಂಟು ವರ್ಷ ತಡವಾದರೂ ದೇವರು ಕೈ ಮಾತ್ರ ಮರೆತಿಲ್ಲವಲ್ಲ ಅಂದುಕೊಂಡಾಗ ಅವನ ಹೊಟ್ಟೆಯೊಳಗೆ ಏನೋ ತಣ್ಣಗೆ ಇಳಿಯಿತು. ಇಂಥ ಸಂತೋಷ ತನಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ ಎಂದು ಹೊಳೆದು, ಬೇಗನೆ ಮೋಟರು ಹಾಕಿದ.

ಕೊನೆಯ ಸಲ ದುಡ್ಡು ಕೇಳಲು ಹೋದ ದಿನ ಅವನಿಗೆ ಬೈಯಲೂ ಬಂದಿರಲಿಲ್ಲ. ಹೊಸ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಬೀಗದವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ಸಾವಕಾಶ ಹಲ್ಲಣ್ಣ, ಎಲ್ಲಿಗೆ ಹೋಗುತ್ತೆ ನಿಮ್ಮ ದುಡ್ಡು? ಸಾವಕಾಶ" ಅಂದ, ಇಪ್ಪತ್ತನೆಯ ಸಲವೋ ಮೂವತ್ತನೆಯ ಸಲವೋ. ಗಿರಾಕಿಯೊಬ್ಬ ತಿರುಗಿ ಇವನ ಚಪ್ಪಲಿ ನೋಡಿದ. ಸಾಲಗಾರ ಇವನೇ ಇರಬೇಕು ಅಂದುಕೊಂಡಂತಿತ್ತು ಆ ನೋಟ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡು ಬಂದ ಬೈಗುಳವೆಲ್ಲ ಗಂಟಲಿನಲ್ಲೇ ಹೂತುಹೋಗಿ, ತುಟಿ ನಡುಗಿ, ಕೊನೆಗೆ ಹೊರಬಿದ್ದದ್ದು ಇಷ್ಟೇ: "ಹೋಗ್ಲಿ ಬಿಡಿ. ನಿಮ್ಮನ್ನ ದೇವರು ನೋಡ್ಕೋತಾನೆ." ಅವನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಶಾಪ ಇರಲಿಲ್ಲ. ಬೀಗದವನು ಗಲ್ಲಾ ಬಿಟ್ಟು ಈಚೆ ಬಂದು ಇವನ ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, "ದೊಡ್ಡ ಮಾತು ಹೇಳಿದ್ರಿ" ಅಂದಿದ್ದ. ಎಂಥ ನಾಟಕ, ಎಂಥ ಭಂಡ ಎಂದು ಅವನ ಮೈಯೆಲ್ಲ ಉರಿದುಹೋಗಿತ್ತು. ಅಂದಿನಿಂದ ಅವನು ದುಡ್ಡು ಕೇಳುವುದನ್ನು ಬಿಟ್ಟ. ಕೇಳಿದರೆ ದೇವರ ಕೆಲಸಕ್ಕೆ ಕೈ ಹಾಕಿದ ಹಾಗೆ. "ಬಡ್ಡಿ ಲೆಕ್ಕ ಬಿಟ್ಟು ಶಾಪದ ಲೆಕ್ಕ ಹಿಡಿದ್ರಿ" ಎಂದು ಹೆಂಡತಿ ಅಣಕಿಸುತ್ತಿದ್ದಳು. ಬೀಗದವನಿಗೆ ನೆಗಡಿಯಾದರೂ ಅವನಿಗೆ ಗೊತ್ತಾಗುತ್ತಿತ್ತು. ಆದರೆ ನೆಗಡಿಯ ಹೊರತು ಬೇರೇನೂ ಆಗುತ್ತಿರಲಿಲ್ಲ. ಎರಡನೆಯ ಅಂಗಡಿಯಾಯಿತು, ಮೂರನೆಯದಾಯಿತು, ಮನೆಗೆ ಮಹಡಿ ಬಂತು. ಅವನು ಮೇಲಿನ ಕಿಟಕಿಯಿಂದ ನೋಡುತ್ತ, ಹಲ್ಲು ಕಚ್ಚಿಕೊಂಡು ಹಲ್ಲು ಕಟ್ಟುತ್ತ, ಕಾದ.

ಕಾಯುವವನಿಗೆ ಕೈ ಸುಮ್ಮನಿರುವುದಿಲ್ಲ. ಡಾಕ್ಟರಮ್ಮನಿಗೆ ಪುರುಸೊತ್ತಿಲ್ಲದ್ದರಿಂದ ಮುದುಕರ ಬಾಯಿಗೆ ಮೇಣದ ಸೆಟ್ಟು ಕೂರಿಸಿ ನೋಡುವ ಕೆಲಸವನ್ನೂ ಅವನಿಗೇ ಬಿಟ್ಟಿದ್ದರು. ಹಲ್ಲು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಏನಾದರೂ ಮಾತಾಡಿಸಬೇಕು. ಒಬ್ಬೊಬ್ಬರು ಒಂದೊಂದು ಹೇಳಿಸುತ್ತಾರೆ. ಸಂಖ್ಯೆ ಎಣಿಸುವುದು, ತಿಂಗಳ ಹೆಸರು. ಅವನು ಹೇಳಿಸುತ್ತಿದ್ದುದು ಒಂದೇ ಮಾತು. "ಹೇಳಿ, ತಪ್ಪಾಯ್ತು." 'ತ' ಅನ್ನುವಾಗ ನಾಲಿಗೆ ಮುಂದಿನ ಹಲ್ಲಿನ ಹಿಂಬದಿಗೆ ತಾಗಬೇಕು, 'ಪ್ಪಾ' ಅನ್ನುವಾಗ ಎರಡೂ ತುಟಿ ಬಿಗಿಯದೆ ಕೂಡಬೇಕು, ಕೊನೆಯ 'ತು' ಅನ್ನುವಾಗ ಗಾಳಿ ಸೋರಬಾರದು. ಈ ಮೂರೂ ಆದರೆ ಸೆಟ್ಟು ಸರಿಯಿದೆ ಅಂತ. ಡಾಕ್ಟರಮ್ಮ ನಗುತ್ತ, "ಊರಿನ ಮುದುಕರೆಲ್ಲ ನಿಮ್ಮ ಹತ್ರ ತಪ್ಪು ಒಪ್ಪಿಕೊಂಡು ಹೋಗ್ತಾರಲ್ರೀ" ಅನ್ನುತ್ತಿದ್ದರು. ಹದಿನೆಂಟು ವರ್ಷದಲ್ಲಿ ಎಷ್ಟು ಜನ ಅಂದರೋ! ನಿವೃತ್ತ ಜಡ್ಜು ಅಂದರು. ಸೊಸೆಯನ್ನು ಮನೆಯಿಂದ ಹಾಕಿದ ಮುದುಕಿ ಅಂದಳು. ಏನೂ ತಪ್ಪು ಮಾಡಿರದ ಪೋಸ್ಟ್‌ಮನ್ನು ಅಂದ. ಅನ್ನಬೇಕಾಗಿದ್ದವನೊಬ್ಬ ಮಾತ್ರ ಮೆಟ್ಟಿಲು ಹತ್ತಿ ಬರಲಿಲ್ಲ. ಎರಡು ವರ್ಷದ ಹಿಂದೆ ಅವನ ಬಾಯಿಯ ಅಚ್ಚು ಮಾತ್ರ ಬಂತು, ಡಾಕ್ಟರಮ್ಮನ ಚೀಟಿ ಅಂಟಿಸಿಕೊಂಡು.

ಆ ಪ್ಲಾಸ್ಟರ್ ದವಡೆಯನ್ನು ಅಂಗೈಯಲ್ಲಿಟ್ಟುಕೊಂಡು ಅವನು ಒಂದು ಇಡೀ ಮಧ್ಯಾಹ್ನ ಕೂತಿದ್ದ. ಶತ್ರುವಿನ ಬಾಯಿ ಕೈಗೆ ಸಿಗುವುದು ಎಷ್ಟು ಜನರ ಹಣೆಯಲ್ಲಿ ಬರೆದಿರುತ್ತದೆ? ಸೆಟ್ಟನ್ನು ಅವನು ಮುತುವರ್ಜಿಯಿಂದಲೇ ಕಟ್ಟಿದ. ಕೊನೆಯಲ್ಲಿ, ಕೆಳದವಡೆಯ ಒಳಗಡೆ, ಎಡಕ್ಕೆ, ಎಳ್ಳಿನಷ್ಟು ಜಾಗವನ್ನು ಪಾಲಿಶ್ ಮಾಡದೆ ಚೂಪಾಗಿ ಬಿಟ್ಟ. ಕನ್ನಡಿಯಲ್ಲಿ ಕಾಣುವುದಿಲ್ಲ, ಬೆರಳಿಗೆ ಸಿಕ್ಕುವುದಿಲ್ಲ, ವಸಡಿಗೆ ಮಾತ್ರ ಗೊತ್ತಾಗುತ್ತದೆ. ಒಂದು ವಾರದಲ್ಲಿ ಬೊಬ್ಬೆ ಹೊಡೆದುಕೊಂಡು ಬರುತ್ತಾನೆ ಎಂದು ಕಾದ. ಬರಲಿಲ್ಲ. ತಾನು ಮಾಡಿದ್ದು ಅನ್ಯಾಯ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಆ ಅನ್ನಿಸಿಕೆಗೆ ಒಂದು ಮದ್ದೂ ಅವನ ಹತ್ತಿರ ಇತ್ತು. ದೊಡ್ಡ ತಪ್ಪುಗಳೇ ಕ್ಷಮೆಯಾಗಿಬಿಡುತ್ತವೆ, ಇದೇನು ಮಹಾ. ಅವನ ತಂಗಿಯೇ ಅದಕ್ಕೆ ಸಾಕ್ಷಿ. ಅಮ್ಮನ ನಾಲ್ಕು ಚಿನ್ನದ ಬಳೆಯಲ್ಲಿ ಎರಡು ತಂಗಿಗೆ ಸೇರಬೇಕಾದದ್ದು. ಅಮ್ಮ ಅದನ್ನು ಹೇಳಿದಾಗ ಕೋಣೆಯಲ್ಲಿದ್ದವನು ಅವನೊಬ್ಬನೇ. ನಾಲ್ಕನ್ನೂ ಮಾರಿ ಈ ಮೋಟರು, ಈ ಮೇಜು, ಈ ಕೋಣೆಯ ಮುಂಗಡ ಎಲ್ಲ ಮಾಡಿಕೊಂಡ. ಅಮ್ಮ ಹೋದ ಹನ್ನೊಂದನೆಯ ತಿಂಗಳಲ್ಲಿ ತಂಗಿ ಬಂದು ಕೇಳಿದಾಗ, "ಯಾವ ಬಳೆ?" ಅಂದ. ಅವಳು ಅಮ್ಮನ ಪೆಟ್ಟಿಗೆಯ ಚಿಲಕ ಹಾಕುತ್ತ, ನಕ್ಕು, "ಹೋಗ್ಲಿ ಬಿಡಣ್ಣ. ದೇವರು ನೋಡ್ಕೋತಾನೆ" ಅಂದಳು. ಎಂಥ ದೊಡ್ಡ ಮನಸ್ಸು! ಅವನು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದಾನೆ, ಬಳೆಯ ವಿಷಯ ಬಿಟ್ಟು, ನನ್ನ ತಂಗಿಯಂಥ ತಂಗಿ ಯಾರಿಗೂ ಇಲ್ಲ ಅಂತ. ಅವಳು ಆಮೇಲೆ ಈ ಮನೆಗೆ ಹೆಚ್ಚು ಬರಲಿಲ್ಲ. ಸಂಸಾರ ಅಂದಮೇಲೆ ಯಾರಿಗೆ ಬಿಡುವಿರುತ್ತದೆ?

"ಹೋಗ್ತೀರಾ?" ಅಂದಳು ಹೆಂಡತಿ, ಅವನು ಮೇಣ, ನೀಲಿ ಕಾಗದ, ಅರ, ಕೈಮೋಟರು ಚೀಲಕ್ಕೆ ತುಂಬುವುದನ್ನು ನೋಡಿ.

"ಕೆಲಸ ಅಲ್ವಾ."

"ಕೆಲಸಕ್ಕೆ ಹೋಗೋರು ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಳ್ಳಲ್ಲ." ಅವಳು ಅವನ ಕಾಲರ್ ಸರಿಮಾಡಿ, "ನೋಡಿದ್ಮೇಲೆ ನಿಮಗೆ ನಿದ್ದೆ ಬರುತ್ತಾ?" ಅಂದಳು.

"ಹದಿನೆಂಟು ವರ್ಷದಲ್ಲಿ ಮೊದಲನೇ ಸಲ ಬರುತ್ತೆ" ಅಂದು ಅವನು ಮೆಟ್ಟಿಲಿಳಿದ.

ಬೀಗದವನ ಮನೆಯ ಬಾಗಿಲಿಗೆ ಐದು ಬೀಗ. ಒಳಗಿನಿಂದ ಒಂದೊಂದಾಗಿ ತೆಗೆಯುವ ಸದ್ದು ಕೇಳುತ್ತ ಅವನು ಚೀಲ ಅವುಚಿಕೊಂಡು ನಿಂತಿದ್ದ. ಮುಖದ ಮೇಲೆ ಒಂದು ಸಂಕಟ ತಂದುಕೊಳ್ಳಬೇಕಿತ್ತು. ಐದನೆಯ ಬೀಗದ ಹೊತ್ತಿಗೆ ಬಂತು. ಬೀಗದವನ ಹೆಂಡತಿ ಅವನನ್ನು ನೋಡಿದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಬನ್ನಿ ಹಲ್ಲಣ್ಣ. ನೀವು ಬಂದೇ ಬರ್ತೀರ ಅಂತ ನಂಗೆ ಗೊತ್ತಿತ್ತು." ನಡುಮನೆಯಲ್ಲೇ ಮಂಚ ಹಾಕಿದ್ದರು. ಮೂತ್ರದ ವಾಸನೆ, ಸೋಪಿನ ವಾಸನೆ, ಗೋಡೆಗೆ ಒರಗಿಸಿಟ್ಟ ಹೊಸ ಗಾಲಿಕುರ್ಚಿ, ಅದರ ಪ್ಲಾಸ್ಟಿಕ್ಕನ್ನು ಇನ್ನೂ ಹರಿದಿರಲಿಲ್ಲ. ಅವನು ಇದನ್ನೆಲ್ಲ ನಿಧಾನವಾಗಿ, ಒಂದನ್ನೂ ಬಿಡದೆ ನೋಡಿಕೊಂಡ. ಮಂಚದ ಮೇಲೆ ಬೀಗದವನು ಅರ್ಧ ಮನುಷ್ಯನಾಗಿದ್ದ. ಬಲಗೈ ಹೊದಿಕೆಯ ಮೇಲೆ ಯಾರೋ ಮರೆತುಹೋದ ವಸ್ತುವಿನ ಹಾಗೆ ಬಿದ್ದಿತ್ತು. ಬಾಯಿ ಎಡಕ್ಕೆ ಎಳೆದುಕೊಂಡು, ಮುಖದ ಒಂದು ಪಾಲು ಅಳುವಂತೆಯೂ ಇನ್ನೊಂದು ಪಾಲು ನಗುವಂತೆಯೂ ಕಾಣುತ್ತಿತ್ತು. ಇವನನ್ನು ಕಂಡು ಎಡಗಣ್ಣು ಅರಳಿತು. ಬಾಯಿ ಒದ್ದಾಡಿತು. ಒದ್ದಾಡಿ, ಹಲ್ಲಿಲ್ಲದ ಆ ಬಾಯಿಯಿಂದ, ಮಗುವಿನ ಮಾತಿನಂತೆ ಆದರೆ ಸ್ಪಷ್ಟವಾಗಿ, "ದೇವರು ನೋಡ್ಕೋತಾನೆ" ಎಂದು ಬಂತು.

ಅವನ ಕೈಯಿಂದ ಚೀಲ ಜಾರಿತು.

"ಅದೊಂದೇ ಉಳ್ಕೊಂಡಿರೋದು" ಅಂದಳು ಬೀಗದವನ ಹೆಂಡತಿ, ಬಗ್ಗಿ ಅವನ ನೀಲಿ ಕಾಗದಗಳನ್ನು ಆರಿಸಿಕೊಡುತ್ತ. "ನೀರು ಬೇಕಾದ್ರೂ ಅದೇ, ಸಿಟ್ಟು ಬಂದ್ರೂ ಅದೇ. ದಿನಾ ಹೇಳ್ತಿದ್ದ ಮಾತು ಒಂದೊಂದ್ಸಲ ಹೀಗೆ ಉಳಿಯುತ್ತೆ ಅಂದ್ರು ಡಾಕ್ಟರು. ದಿನಾ ಹೇಳೋರು. ಅಂಗಡಿ ಬಾಗಿಲು ತೆಗೆಯೋವಾಗ ಹೇಳೋರು, ಮುಚ್ಚೋವಾಗ ಹೇಳೋರು. ನೀವು ಕೊಟ್ಟ ಮಾತಲ್ವಾ ಹಲ್ಲಣ್ಣ. ಆ ದುಡ್ಡಿನ ವಿಷಯ ನಂಗೂ ಗೊತ್ತು. ಬೇರೆಯೋರಾಗಿದ್ರೆ ಕೋರ್ಟಿಗೆ ಎಳೀತಿದ್ರು, ಬಾಯಿಗೆ ಬಂದ ಹಾಗೆ ಶಾಪ ಹಾಕ್ತಿದ್ರು. ನೀವು ನಾಲ್ಕು ಜನರ ಎದುರಿಗೆ ಮನ್ನಾ ಮಾಡಿ, ದೇವರು ನೋಡ್ಕೋತಾನೆ ಅಂತ ಹರಸಿ ಹೋದ್ರಿ. ಅವತ್ತು ಮನೆಗೆ ಬಂದು ಅತ್ತುಬಿಟ್ರು ಇವರು. ದುಡ್ಡು ಹೊಂದಿಸಿ ಕೊಡೋಣ ಅಂದ್ರೆ, ಬೇಡ ಕಣೇ, ಮನ್ನಾ ಮಾಡಿದ್ದನ್ನ ವಾಪಸ್ ಕೊಟ್ರೆ ಅವರ ದೊಡ್ಡತನಕ್ಕೆ ಅವಮಾನ ಅನ್ನೋರು. ನೋಡಿ, ಅವತ್ತಿಂದ ಮೊನ್ನೆಯವರೆಗೂ ದೇವರು ನಮ್ಮನ್ನ ನೋಡ್ಕೊಂಡಿದ್ದಾನೆ. ಒಂದೇ ಒಂದು ಕೊರತೆ ಆಗ್ಲಿಲ್ಲ."

ಅವನು ಬಾಯಿ ತೆರೆದ. ನಾನು ಹರಸಲಿಲ್ಲ ಕಣಮ್ಮ, ನಾನು ಹಾಕಿದ್ದು ಶಾಪ; ನಿಮ್ಮ ಮನೆ ಹಾಳಾಗಲಿ ಅಂತ ಅಂದದ್ದು. ಅಷ್ಟೂ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಆದರೆ ಅದನ್ನು ಹೇಳಿದರೆ ಹದಿನೆಂಟು ವರ್ಷದಿಂದ ತಾನು ಈ ಮನೆಯ ಗೋಡೆಗಳಿಗೆ ತಾನೇ ಸುಣ್ಣ ಹೊಡೆಯುತ್ತ ಬಂದೆ ಎಂದೂ ಒಪ್ಪಿಕೊಂಡ ಹಾಗೆ. ಅಂದು ಬೈದಿದ್ದರೆ, ಬರಿಯ ಒಂದು ಕೆಟ್ಟ ಬೈಗುಳ ಬಾಯಿಗೆ ಬಂದಿದ್ದರೆ, ದುಡ್ಡು ಬರುತ್ತಿತ್ತು. "ಹೌದು" ಅಂದ ಅವನು. "ಎಲ್ಲಿದೆ ಸೆಟ್ಟು?"

ಲೋಟದ ನೀರಿನಿಂದ ಅವಳು ಎತ್ತಿಕೊಟ್ಟಳು. ಹೆಬ್ಬೆರಳಿನ ಉಗುರು ಸವರುತ್ತಿದ್ದಂತೆ ಆ ಎಳ್ಳಿನಷ್ಟು ಜಾಗ ಸಿಕ್ಕಿತು, ಇಟ್ಟಲ್ಲೇ, ಇಟ್ಟ ಹಾಗೆಯೇ. "ಎರಡು ವರ್ಷದಿಂದ ಅಲ್ಲೊಂದು ಹುಣ್ಣು" ಅಂದಳು ಅವಳು. "ಉಜ್ಜಿಸ್ಕೊಂಡು ಬನ್ನಿ ಅಂದ್ರೆ ಕೇಳ್ತಿರ್ಲಿಲ್ಲ. ಹಲ್ಲಣ್ಣನ ಕೈಕೆಲಸದಲ್ಲಿ ತಪ್ಪಿರಲ್ಲ, ನನ್ನ ಬಾಯೇ ಸರಿಯಿಲ್ಲ, ಮೊದಲೇ ಅವರ ಋಣ ಇದೆ, ಇದನ್ನ ಬೇರೆ ಹೋಗಿ ಹೇಳ್ಲಾ ಅನ್ನೋರು." ಅವನು ಬ್ಯಾಟರಿ ಹಾಕಿ ಬಾಯೊಳಗೆ ನೋಡಿದ. ವಸಡು ಅಲ್ಲಿ ಬೆಳ್ಳಗೆ ಗಡ್ಡೆಗಟ್ಟಿತ್ತು. ಎರಡು ವರ್ಷ, ಊಟ ಊಟಕ್ಕೆ, ಈ ಮನುಷ್ಯ ಇದನ್ನು ಅನುಭವಿಸಿದ್ದಾನೆ. ಅನುಭವಿಸಿ ಅದನ್ನು ಋಣದ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದಾನೆ. ಅವನ ಸೇಡು ಕೂಡ ಬಾಕಿ ತೀರಿಸುವುದಕ್ಕೆ ಬಳಕೆಯಾಗಿಹೋಗಿತ್ತು. ಅವನು ಅರ ತೆಗೆದುಕೊಂಡು ಆ ಚೂಪನ್ನು ಉಜ್ಜಿ ನುಣ್ಣಗೆ ಮಾಡಿದ. ಕರುಣೆಯಿಂದಲ್ಲ. ಹೇಳಿಕೊಳ್ಳಲಾಗದವನಿಗೆ ನೋವು ಕೊಟ್ಟರೆ ಆ ನೋವು ವ್ಯರ್ಥ ಅನ್ನಿಸಿತು.

ಮೇಣ ಹಚ್ಚಿ, ಗುರುತು ಬೀಳಲು ನೀಲಿ ಕಾಗದ ಕಚ್ಚಿಸಿ, ಎತ್ತರವಿದ್ದ ಕಡೆ ತೇದು, ಮತ್ತೆ ಕೂರಿಸಿ, ಒಂದು ಗಂಟೆ ಕೆಲಸ ನಡೆಯಿತು. ಆಮೇಲೆ ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ, ತನ್ನ ಮೊಣಕಾಲು ಹಾಸಿಗೆಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡ. ಈಗ ಮಾತಾಡಿಸಿ ನೋಡಬೇಕು. ಇದೊಂದು ಉಳಿದಿತ್ತು. ದುಡ್ಡು ಬೇಡ, ಮಗಳ ವರ್ಷಗಳೂ ಬೇಡ. ಈ ಬಾಯಿಂದ ಒಂದು ಮಾತು.

"ಹೇಳಿ" ಅಂದ. "ತಪ್ಪಾಯ್ತು."

"ದೇವರು ನೋಡ್ಕೋತಾನೆ."

"ಅದಲ್ಲ. ತ. ತಪ್ಪಾಯ್ತು. ನಾಲಿಗೆ ಇಲ್ಲಿ ಇಡಿ." ಬೆರಳು ಹಾಕಿ ನಾಲಿಗೆಯನ್ನು ಹಲ್ಲಿನ ಹಿಂದಕ್ಕೆ ಒತ್ತಿದ. "ತಪ್ಪಾಯ್ತು."

"ದೇ... ದೇವರು ನೋಡ್ಕೋತಾನೆ."

ಅವನು ಎಡಗೈಯಲ್ಲಿ ಗದ್ದ ಹಿಡಿದು ಬಲಗೈ ಬೆರಳುಗಳಿಂದ ತುಟಿಗಳನ್ನು ಕೂಡಿಸಿದ. ಕೂಡಿಸಿ ಬಿಟ್ಟ. ಮತ್ತೆ ಕೂಡಿಸಿ ಬಿಟ್ಟ. ಇಪ್ಪತ್ತು ಸಲ ಹೇಳಿದ, ಮೂವತ್ತು ಸಲ ಹೇಳಿದ. ಅವನ ದನಿ ಏರಿತು, ಸಣ್ಣದಾಯಿತು, ಕೊನೆಗೆ ಅದು ಬೇಡುವ ದನಿಯಾಯಿತು. ಬೀಗದವನ ಎಡಗಣ್ಣಿನಿಂದ ನೀರು, ಬಾಯಿಯ ಮೂಲೆಯಿಂದ ಜೊಲ್ಲು ಸುರಿಯಿತು. ಬಲಗಣ್ಣು ಏನೂ ಆಗದಂತೆ ಸೂರು ನೋಡುತ್ತಿತ್ತು. ಆ ಸೊಟ್ಟ ಮುಖ ನಗುತ್ತಿದೆಯೋ, ಕ್ಷಮೆ ಕೇಳುತ್ತಿದೆಯೋ, ಇವನನ್ನೇ ಕ್ಷಮಿಸುತ್ತಿದೆಯೋ ಅವನಿಗೆ ಎಷ್ಟು ನೋಡಿದರೂ ತಿಳಿಯಲಿಲ್ಲ. "ತಪ್ಪಾಯ್ತು, ತಪ್ಪಾಯ್ತು, ತಪ್ಪಾಯ್ತು" ಎಂದು ಹೇಳುತ್ತಿದ್ದವನು ಆ ಕೋಣೆಯಲ್ಲಿ ಅವನೊಬ್ಬನೇ. "ದೇವರು ನೋಡ್ಕೋತಾನೆ" ಎಂದು ಎದುರಿನವನು ಪ್ರತಿ ಸಲವೂ ಉತ್ತರ ಕೊಡುತ್ತಿದ್ದ. ಹೊರಗಿನಿಂದ ಬಂದವರು ಯಾರಾದರೂ ಕೇಳಿದ್ದರೆ ಯಾರು ಯಾರ ಸಾಲಗಾರ ಅಂದುಕೊಳ್ಳುತ್ತಿದ್ದರೋ.

"ಎಷ್ಟು ತಾಳ್ಮೆ ನಿಮಗೆ" ಅಂದಳು ಬಾಗಿಲಲ್ಲಿ ನಿಂತಿದ್ದ ಬೀಗದವನ ಹೆಂಡತಿ, ಕಣ್ಣೊರೆಸಿಕೊಂಡು. ಅವನು ಕೈ ತೊಳೆದುಕೊಂಡು ಹೊರಟಾಗ ಅವಳು ಅವನ ಮುಷ್ಟಿಯಲ್ಲಿ ಮಡಚಿದ ನೋಟೊಂದನ್ನು ತುರುಕಿದಳು. "ಬೇಡ ಅನ್ಬೇಡಿ. ಇವತ್ತಿನ ಕೆಲಸದ್ದು. ನಾವು ಯಾರ ಬಾಕಿನೂ ಇಟ್ಕೊಳ್ಳೋರಲ್ಲ." ಬೇಡ ಅನ್ನಲು ಹೋದ. ಮುಷ್ಟಿ ಆಗಲೇ ಮುಚ್ಚಿಕೊಂಡಿತ್ತು. ಹಿಂದೆ ಐದು ಬೀಗಗಳು ಒಂದೊಂದಾಗಿ ಬಿದ್ದವು.

ಸಂಜೆಯ ಬಿಸಿಲು ಇನ್ನೂ ಇತ್ತು. ಬಸ್ಸಿನ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಅವನು ಕೂತ. ಎರಡು ಬಸ್ಸು ಹೋದವು. ಎಂಥ ದಡ್ಡ, ಎಂಥ ಮೂಢ ಈ ಬೀಗದವನು! ಒಬ್ಬ ಮನುಷ್ಯ ಹೊಟ್ಟೆ ಉರಿದುಕೊಂಡು ಅಂದ ಮಾತನ್ನು ಆಶೀರ್ವಾದ ಅಂತ ತಿಳಿದು ಹದಿನೆಂಟು ವರ್ಷ ಸುಖವಾಗಿ ನಿದ್ದೆ ಮಾಡಿದನಲ್ಲ! ಮಾಡಿದ ಮೋಸ ತನಗೆ ಗೊತ್ತಿದ್ದೂ, ಎದುರಿನವನ ತುಟಿ ನಡುಗುತ್ತಿದ್ದುದನ್ನು ಕಂಡೂ, ದೇವರು ನೋಡ್ಕೋತಾನೆ ಅಂದಕೂಡಲೇ ದೊಡ್ಡ ಮನಸ್ಸು ಅಂತ ತಿಳಿದುಕೊಳ್ಳಲು ಎಂಥವನಾಗಿರಬೇಕು? ಅವನಿಗೆ ನಿಜವಾಗಿ ನಗು ಬಂತು. ನಗುತ್ತಿದ್ದಂತೆಯೇ ಪೆಟ್ಟಿಗೆಯ ಚಿಲಕ ಬಿದ್ದ ಸದ್ದು ಕೇಳಿಸಿತು, ಟಕ್ ಅಂತ, ಇಪ್ಪತ್ತಾರು ವರ್ಷದ ಹಿಂದಿನದು. ಹೋಗ್ಲಿ ಬಿಡಣ್ಣ.

ಅವಳು ನಕ್ಕಿದ್ದಳೇ? ನಕ್ಕಿದ್ದಳು. ಅಲ್ಲ, ಅವಳು ಚಿಲಕ ಹಾಕುತ್ತಿದ್ದಳು, ಬಗ್ಗಿದ್ದಳು, ಅವನಿಗೆ ಕಂಡದ್ದು ಅವಳ ಬೈತಲೆ ಮಾತ್ರ. ಮುಖ ಕಂಡಿರಲೇ ಇಲ್ಲ. ಆ ನಗುವನ್ನು ಆಮೇಲೆ, ಮೇಣದಲ್ಲಿ ಹಲ್ಲು ಕೂರಿಸುವ ಹಾಗೆ, ಒಂದೊಂದಾಗಿ ಕೂರಿಸಿದವನು ತಾನೇ. ದನಿ ಹೇಗಿತ್ತು? ಎಷ್ಟು ಕಿವಿಗೊಟ್ಟರೂ ತಂಗಿಯ ದನಿ ಬರುತ್ತಿಲ್ಲ. ಬೀಗದ ಅಂಗಡಿಯಲ್ಲಿ ಗಿರಾಕಿಗಳ ಎದುರು ನಿಂತ ತನ್ನದೇ ದನಿ ಬರುತ್ತಿದೆ. ಅವನು ತುಟಿ ಅಲ್ಲಾಡಿಸಿ ನೋಡಿದ. ನಾಲಿಗೆ ಮುಂದಿನ ಹಲ್ಲಿನ ಹಿಂಬದಿಗೆ, ಆಮೇಲೆ ಎರಡೂ ತುಟಿ. ಸುಲಭದ ಮಾತು. ಹಲ್ಲಿಲ್ಲದವರ ಕೈಲೂ ಹೇಳಿಸಿದ್ದಾನೆ. ಫೋನು ತೆಗೆದು ತಂಗಿಗೆ ಮಾಡಿದ.

ಬಹಳ ಹೊತ್ತು ಬಡಿದುಕೊಂಡ ಮೇಲೆ ಎತ್ತಿದಳು. ಹಿಂದೆ ನಲ್ಲಿಯ ನೀರು ಸುರಿಯುವ ಸದ್ದು, ಪಾತ್ರೆಯ ಸದ್ದು. "ಏನಣ್ಣ, ಅಪರೂಪಕ್ಕೆ?"

"ಏನಿಲ್ಲ. ಯಾಕೋ ನಿನ್ನ ನೆನಪಾಯ್ತು."

"ಹೂಂ."

"ಅಮ್ಮಂದು... ಅವತ್ತು..." ಅಂದ. ನಾಲಿಗೆ ಹಲ್ಲಿಗೆ ತಾಗಿತು. ತುಟಿ ಕೂಡಲಿಲ್ಲ. ನೀರು ಸುರಿಯುತ್ತಲೇ ಇತ್ತು. ಇನ್ನೊಂದು ಗಳಿಗೆಯಲ್ಲಿ ಅವಳು ಫೋನಿಡುತ್ತಾಳೆ ಅನ್ನಿಸಿ, ಏನಾದರೂ ಹೇಳಬೇಕೆಂದು, ಬಾಯಿಗೆ ಬಂದದ್ದನ್ನು ಹೇಳಿದ. ಒಂದು ಗಂಟೆ ಅರ ಹಿಡಿದು ಬೆರಳುಗಳು ಮರಗಟ್ಟಿದ್ದವು, ಅಷ್ಟರಮಟ್ಟಿಗೆ ಸುಳ್ಳೂ ಅಲ್ಲ. "ನನಗೆ ಯಾಕೋ ಹುಷಾರಿಲ್ಲಮ್ಮ. ಮಧ್ಯಾಹ್ನದಿಂದ ಕೈಯೆಲ್ಲ ಜೋಮು ಹಿಡಿದ ಹಾಗಿದೆ."

ಆ ಕಡೆ ನಲ್ಲಿ ನಿಂತಿತು. ಪಾತ್ರೆಯ ಸದ್ದೂ ನಿಂತಿತು. ಆಮೇಲೆ ನೆಲದ ಮೇಲೆ ಸ್ಟೂಲೊಂದನ್ನು ಕಾಲಿನಿಂದ ಎಳೆದುಕೊಂಡ ಸದ್ದು ಬಂತು.

"ಅಯ್ಯೋ ಪಾಪ" ಅಂದಳು ತಂಗಿ. ದನಿಯಲ್ಲಿ ದುಃಖ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. "ಯಾವ ಕಡೆ ಅಣ್ಣ? ಎಡಗಡೆನಾ, ಬಲಗಡೆನಾ?"